ನಿಂತುಹೋದ ಹೃದಯದ ಕವಾಟ: ಶೀತಸಂಗ್ರಹದ ಚರಿತ್ರೆ

ಮನುಷ್ಯನ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವು ಮುಂದಕ್ಕೆ ಹರಿಯುವಾಗ ಅವು ತೆರೆದುಕೊಳ್ಳುತ್ತವೆ, ಅದು ಹಿಂದಕ್ಕೆ ಮರಳದಂತೆ ಮುಚ್ಚಿಕೊಳ್ಳುತ್ತವೆ. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ನಡೆಯುವ ಈ ಕಾರ್ಯವನ್ನು ಅಲ್ಲಾಹನು ಅತಿ ತೆಳುವಾದ ಎಸಳುಗಳಿಗೆ ವಹಿಸಿದ್ದಾನೆ. ರುಮ್ಯಾಟಿಕ್ ಜ್ವರದಿಂದಲೋ ಹುಟ್ಟಿನೊಂದಿಗೆ ಬಂದ ದೋಷದಿಂದಲೋ ಈ ಎಸಳುಗಳು ಕೆಟ್ಟರೆ ಕ್ರಮೇಣ ಇಡೀ ಹೃದಯವೇ ಸೋಲುತ್ತದೆ. ಕೆಟ್ಟ ಕವಾಟದ ಸ್ಥಾನದಲ್ಲಿ ಮೃತರ ಕವಾಟವನ್ನು ಹೊಲಿಯುವ, ಅದಕ್ಕಾಗಿ ಅದನ್ನು ಶೀತದಲ್ಲಿ ಕಾಪಿಡುವ ವಿದ್ಯೆ ಬೆಳೆದು ಬಂದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸೋಣ.

1950ರ ದಶಕದಲ್ಲಿ ಕೆನಡಾದ ಟೊರೊಂಟೊದಲ್ಲಿ ಗೋರ್ಡನ್ ಮರ್ರೆ ಎಂಬ ಶಸ್ತ್ರವೈದ್ಯರು ಮೃತರ ಕವಾಟವನ್ನು ರೋಗಿಯ ಮಹಾಪಧಮನಿಯ ಕೆಳಭಾಗದಲ್ಲಿ ಜೋಡಿಸಿದರು. ಅದು ಹೃದಯದ ಒಳಗಿನ ಸ್ವಸ್ಥಾನವಾಗಿರಲಿಲ್ಲ. 1962ರ ಜುಲೈಯಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಡೊನಾಲ್ಡ್ ರಾಸ್, ಮರುತಿಂಗಳು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಬ್ರಯಾನ್ ಬ್ಯಾರೆಟ್-ಬಾಯ್ಸ್, ಇಬ್ಬರೂ ಪ್ರತ್ಯೇಕವಾಗಿ, ಮಾನವ ಕವಾಟವನ್ನು ಅದರ ಸಹಜ ಸ್ಥಾನದಲ್ಲಿಯೇ ಕೂಡಿಸಿದರು. 1960ರಲ್ಲೇ ಬಂದಿದ್ದ ಸ್ಟಾರ್-ಎಡ್ವರ್ಡ್ಸ್ ಯಾಂತ್ರಿಕ ಕವಾಟವನ್ನು ಧರಿಸಿದವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಔಷಧ ಸೇವಿಸಬೇಕಿತ್ತು. ಮಾನವ ಕವಾಟಕ್ಕೆ ಆ ಬಂಧನವಿರಲಿಲ್ಲ.

ಆದರೆ ಮರಣವೂ ಶಸ್ತ್ರಚಿಕಿತ್ಸೆಯೂ ಒಂದೇ ದಿನ ಕೂಡಿಬರುವುದು ಅಪರೂಪ. ದೊರೆತ ಕವಾಟದ ಅಳತೆಯು ಕಾದಿರುವ ರೋಗಿಗೆ ಹೊಂದಬೇಕು. ಆದ್ದರಿಂದ ಕಾಪಿಡುವ ಉಪಾಯವನ್ನು ಹುಡುಕುವುದು ಅನಿವಾರ್ಯವಾಯಿತು. ಆರಂಭದಲ್ಲಿ ರಾಸಾಯನಿಕಗಳಿಂದ, ವಿಕಿರಣದಿಂದ ಕವಾಟವನ್ನು ಶುದ್ಧಗೊಳಿಸಿದರು, ಹೆಪ್ಪುಗಟ್ಟಿಸಿ ಒಣಗಿಸಿಟ್ಟರು. ರೋಗಾಣುಗಳೇನೋ ಸತ್ತವು, ಆದರೆ ಅಂಗಾಂಶದ ಬಲವೂ ಕುಂದಿತು. ಅಂತಹ ಕವಾಟಗಳ ಎಸಳುಗಳು ಮುಂದೆ ಹರಿಯತೊಡಗಿದವು. ಅನಂತರ ಜೀವಿರೋಧಕಗಳನ್ನು ಬೆರೆಸಿದ ಪೋಷಕ ದ್ರವದಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಕ್ರಮ ಬಂದಿತು. ಅದು ಮೃದುವಾದ ವಿಧಾನ, ಆದರೆ ಅವಧಿ ಕೆಲವು ವಾರಗಳದ್ದು ಮಾತ್ರ.

ಇನ್ನೂ ಆಳವಾದ ಶೀತಕ್ಕೆ ಇಳಿಸೋಣವೆಂದರೆ, ನೀರು ಮಂಜುಗಡ್ಡೆಯಾಗುವಾಗ ಅದರ ಹರಳುಗಳು ಜೀವಕೋಶಗಳನ್ನು ಹಾಳುಗೆಡವುತ್ತವೆ. ಇದಕ್ಕೆ ಪರಿಹಾರ ದೊರೆತದ್ದು ಬೇರೊಂದು ಕ್ಷೇತ್ರದಿಂದ. 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಪಾರ್ಕ್ಸ್ ಅವರು ಗ್ಲಿಸರಾಲ್ ಬೆರೆಸಿದರೆ ಕೋಳಿಯ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕುತ್ತವೆ ಎಂದು ಕಂಡುಕೊಂಡರು. 1959ರಲ್ಲಿ ಲವ್‌ಲಾಕ್ ಮತ್ತು ಬಿಷಪ್ ಅವರು ಡೈಮಿಥೈಲ್ ಸಲ್ಫಾಕ್ಸೈಡ್‌ಗೂ ಇದೇ ಗುಣವಿದೆಯೆಂದು ತೋರಿಸಿದರು. ಇದೇ ಜ್ಞಾನವನ್ನು ಆಧರಿಸಿ 1975ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮಾರ್ಕ್ ಓಬ್ರಿಯನ್ ಅವರು ಅತಿಶೀತದಲ್ಲಿ ಕಾಪಿಟ್ಟ ಕವಾಟಗಳನ್ನು ಬಳಸಲಾರಂಭಿಸಿದರು. ರಕ್ಷಕ ದ್ರವದಲ್ಲಿಟ್ಟ ಕವಾಟದ ತಾಪಮಾನವನ್ನು ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನವಾಗಿ ಇಳಿಸಿ, ಬಳಿಕ ದ್ರವ ಸಾರಜನಕದ ಆವಿಯಲ್ಲಿ ಇಡಲಾಗುತ್ತದೆ. ದೇಹದ ಹೊರಗೆ ಇಡೀ ಹೃದಯವನ್ನು ಸಾಮಾನ್ಯವಾಗಿ 4ರಿಂದ 6 ಗಂಟೆ ಮಾತ್ರ ಇಡಬಹುದು. ಹೀಗೆ ಕಾಪಿಟ್ಟ ಕವಾಟವಾದರೋ ವರ್ಷಗಟ್ಟಲೆ ಕಾಯಬಲ್ಲದು. ಬಡಿತ ನಿಂತು, ಕಸಿಗೆ ಒದಗದ ಹೃದಯದಿಂದಲೂ ಸುಮಾರು ಒಂದು ದಿನದೊಳಗೆ ಕವಾಟವನ್ನು ಪಡೆಯಬಹುದು. ಹೊಸ ಹೃದಯ ಪಡೆದ ರೋಗಿಯ ಹಳೆಯ ಹೃದಯದಲ್ಲಿ ಕವಾಟಗಳು ಆರೋಗ್ಯವಾಗಿದ್ದರೆ ಅವು ಕೂಡ ಇನ್ನೊಬ್ಬರಿಗೆ ಸಲ್ಲುತ್ತವೆ.

ಈ ಕವಾಟಕ್ಕೂ ಮಿತಿಗಳಿವೆ. ಅದು ಮಗುವಿನೊಂದಿಗೆ ಬೆಳೆಯುವುದಿಲ್ಲ. ಎಳೆಯ ದೇಹದಲ್ಲಿ ಬೇಗನೆ ಸುಣ್ಣಗಟ್ಟುತ್ತದೆ. ಸೋಂಕಿನಿಂದ ಮಹಾಪಧಮನಿಯ ಬುಡವೇ ಹಾಳಾದ ಕೆಲವರಿಗೆ ಮಾತ್ರ ಅದು ಬಹಳ ಉಪಕಾರಿ. ದೊರೆಯುವುದೇ ವಿರಳವಾದುದರಿಂದ ಪ್ರಾಣಿಮೂಲದ ಕವಾಟಗಳು ಹೆಚ್ಚು ಬಳಕೆಗೆ ಬಂದವು. ಅವುಗಳಲ್ಲಿ ಹಂದಿಯ ಕವಾಟವೂ ಒಂದು. ಇಲ್ಲಿಯೇ ನಮ್ಮ ಸಮುದಾಯದ ಪ್ರಶ್ನೆ ಏಳುತ್ತದೆ. ಅನಿವಾರ್ಯತೆಯು ನಿಷಿದ್ಧವನ್ನು ಸಡಿಲಿಸುತ್ತದೆಂಬ ತತ್ವದಡಿ ಅನೇಕ ವಿದ್ವಾಂಸರು ಅದಕ್ಕೆ ಅನುಮತಿ ನೀಡಿದ್ದಾರೆ. ಆದರೆ ಬೇರೆ ದಾರಿಯಿರುವಾಗ ಅನಿವಾರ್ಯತೆಯ ವಾದ ಬಲಗುಂದುತ್ತದೆ.

ಹಾಗಾದರೆ ಮಾನವ ಕವಾಟ? 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಒಬ್ಬರ ಪ್ರಾಣ ಅಥವಾ ದೇಹದ ಮೂಲಭೂತ ಕಾರ್ಯವೊಂದು ಅವಲಂಬಿಸಿರುವಾಗ, ಮೃತರು ಮೊದಲೇ ನೀಡಿದ ಅಥವಾ ವಾರಸುದಾರರು ನೀಡುವ ಸಮ್ಮತಿಯೊಂದಿಗೆ ಅಂಗ ಪಡೆಯುವುದನ್ನು ಸಮ್ಮತವೆಂದಿತು, ಮಾರಾಟವನ್ನು ನಿಷೇಧಿಸಿತು. ಮೃತದೇಹದ ಗೌರವವನ್ನು ಮುಂದಿಟ್ಟು ಉಪಖಂಡದ ಹಲವು ಮುಫ್ತಿಗಳು ಇದನ್ನು ಒಪ್ಪಿಲ್ಲ. ಆ ಗೌರವ ನಮ್ಮೆಲ್ಲರಿಗೂ ಪ್ರಿಯವೇ. ಆದರೆ ಕವಾಟ ಪಡೆದ ಬಳಿಕ ದೇಹವನ್ನು ಹೊಲಿದು ಮನೆಯವರಿಗೆ ಒಪ್ಪಿಸಲಾಗುತ್ತದೆ. ಗುಸ್ಲ್, ಕಫನ್, ಜನಾಝ ನಮಾಝ್ ಯಾವುದೂ ತಪ್ಪುವುದಿಲ್ಲ. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯ ವ್ಯಾಪ್ತಿಗೆ 2011ರ ತಿದ್ದುಪಡಿಯು ಅಂಗಾಂಶಗಳನ್ನೂ ಸೇರಿಸಿತು. ಇಲ್ಲಿಯೂ ಸಮ್ಮತಿ ಕಡ್ಡಾಯ, ವ್ಯಾಪಾರ ಅಪರಾಧ.

ಸಾರಜನಕದ ಆವಿಯಲ್ಲಿ ಕವಾಟವು ವರ್ಷಗಟ್ಟಲೆ ಕಾಯುತ್ತದೆ. ಆದರೆ ಅದನ್ನು ನೀಡುವ ತೀರ್ಮಾನಕ್ಕೆ ಉಳಿಯುವುದು ಮರಣದ ನಂತರದ ಕೆಲವೇ ಗಂಟೆಗಳು. ಅವು ಮನೆಮಂದಿ ಶೋಕದಲ್ಲಿ ಮುಳುಗಿರುವ ಗಂಟೆಗಳು. ಒಪ್ಪಿಗೆಯಿರಲಿ, ನಿರಾಕರಣೆಯಿರಲಿ, ಆ ಭಾರವನ್ನು ಅವರ ಮೇಲೆ ಹೊರಿಸದೆ, ಬದುಕಿರುವಾಗಲೇ ನಂಬಿಕೆಯ ಉಲಮಾಗಳನ್ನು ಕೇಳಿ ತಿಳಿದು, ನಮ್ಮ ಇಚ್ಛೆಯನ್ನು ಮನೆಯಲ್ಲಿ ಹೇಳಿಡುವುದು ನಮ್ಮ ಹೊಣೆಯಾಗಿದೆ.