ಕರೆಂಟು ಊರಿಗೆ ಬಂದ ದಾರಿ: ಸಾರ್ವಜನಿಕರ ದುಡ್ಡು, ಕಂಪನಿಗಳ ಲೆಕ್ಕ

ಸಂಘದ ಇಪ್ಪತ್ತೈದು ವರ್ಷದ ಹಾಲಿನ ಲೆಕ್ಕ, ಅಧ್ಯಕ್ಷರುಗಳ ಪಟ್ಟಿ, ಬೋನಸ್ಸಿನ ವಿವರ ಇವನ್ನೆಲ್ಲ ಬರೆಯುವವರು ಈ ಸ್ಮರಣ ಸಂಚಿಕೆಯಲ್ಲಿ ಬೇರೆ ಇದ್ದಾರೆ. ನಾವು ಆರಿಸಿಕೊಂಡಿರುವುದು ಕರೆಂಟಿನ ವಿಷಯ. ಹಾಲಿನ ಸಂಘದ ಸಂಚಿಕೆಯಲ್ಲಿ ಕರೆಂಟಿನ ಪುರಾಣ ಯಾಕೆ ಅಂತ ಯಾರಾದರೂ ಕೇಳಬಹುದು. ಸದಸ್ಯ ಬಾಂಧವರು ಯೋಚಿಸಿ ನೋಡಬೇಕು. ಕ್ಯಾನು ಹೋಗಿ ಹಾಲು ತಣ್ಣಗೆ ಮಾಡುವ ಟ್ಯಾಂಕು ಬಂದ ಮೇಲೆ ಕರೆಂಟು ಕೈಕೊಟ್ಟು, ಜನರೇಟರಿಗೆ ಡೀಸೆಲ್ಲೂ ಇಲ್ಲದಿದ್ದರೆ ಇಡೀ ಊರಿನ ಹಾಲು ಹುಳಿ. ಹುಲ್ಲು ಬೆಳೆಯಬೇಕಾದರೆ ಮೋಟರು, ಕತ್ತರಿಸಬೇಕಾದರೆ ಮೋಟರು. ಹೀಗಿರುವಾಗ ಈ ಕರೆಂಟು ಅನ್ನುವುದು ಯಾರ ದುಡ್ಡಿನಲ್ಲಿ ಹುಟ್ಟಿತು, ಯಾರ ಬಾಗಿಲಿಗೆ ಮೊದಲು ಹೋಯಿತು, ನಮ್ಮಂಥವರ ಬಾಗಿಲಿಗೆ ಬರುವುದಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ನಮ್ಮ ರಾಜ್ಯದಲ್ಲಿ ಈ ಕಥೆ ಶುರುವಾಗುವುದು ಶಿವನಸಮುದ್ರದಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಈ ಕೆಲಸ 1902ರಲ್ಲಿ ಮುಗಿದು, ಕಾವೇರಿ ನೀರಿನಿಂದ ವಿದ್ಯುತ್ ತಯಾರಾಯಿತು. ದಿವಾನರು 1901ರಲ್ಲೇ ತೀರಿಕೊಂಡಿದ್ದರಿಂದ ಅದನ್ನು ಕಣ್ಣಾರೆ ನೋಡಲಿಲ್ಲ. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಖರ್ಚು ಮೈಸೂರು ಸರ್ಕಾರದ್ದು, ಅಂದರೆ ಕಂದಾಯ ಕಟ್ಟಿದ ರೈತರದ್ದು. ಆ ಕರೆಂಟು ಹೋಗಿದ್ದೆಲ್ಲಿಗೆ? ಪಕ್ಕದ ಮಳವಳ್ಳಿಗೂ ಅಲ್ಲ, ಕೊಳ್ಳೇಗಾಲಕ್ಕೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರ ಕಂಬ ನೆಟ್ಟು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಅಷ್ಟು ಉದ್ದದ ಲೈನು ಜಗತ್ತಿನಲ್ಲೇ ದೊಡ್ಡ ಸುದ್ದಿ. ಗಣಿಗಳನ್ನು ನಡೆಸುತ್ತಿದ್ದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಕಂಪನಿಯವರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಲೈನು ಹಾದುಹೋದ ದಾರಿಯ ಹಳ್ಳಿಗಳವರು ತಲೆಮೇಲೆ ತಂತಿ ಇಟ್ಟುಕೊಂಡು ಹರಳೆಣ್ಣೆ ದೀಪದಲ್ಲೇ ದಶಕಗಟ್ಟಲೆ ಕಾಲ ಹಾಕಿದರು.

ಇದನ್ನು ಬರೀ ದೂರಲಿಕ್ಕೆ ಹೇಳುತ್ತಿಲ್ಲ. ಗಣಿಯಿಂದ ಸಂಸ್ಥಾನಕ್ಕೆ ಆದಾಯವೂ ಬಂತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟು ಸಾಲದು ಎಂಬುದೇ ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗುವುದಕ್ಕೆ ಒಂದು ಮುಖ್ಯ ಕಾರಣ. ವಿಶ್ವೇಶ್ವರಯ್ಯನವರು ವಿದ್ಯುತ್ತಿನ ಜೊತೆಗೆ ನೀರಾವರಿಯನ್ನೂ ಸೇರಿಸಿ ಲೆಕ್ಕ ಹಾಕಿದ್ದರಿಂದ ಮುಂದೆ ಮಂಡ್ಯದ ಬಯಲು ಹಸಿರಾಯಿತು. ಕಂಪನಿಯ ಅಗತ್ಯಕ್ಕೆ ಎದ್ದ ಕೆಲಸದಲ್ಲಿ ರೈತನ ಪಾಲನ್ನೂ ಮೊದಲೇ ಕಾಗದದಲ್ಲಿ ಬರೆಸಿದವರು ಇದ್ದರು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಗಣಿ 2001ರಲ್ಲಿ ಮುಚ್ಚಿಹೋಯಿತು, ನಾಲೆ ಇನ್ನೂ ಹರಿಯುತ್ತಿದೆ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಜೋಗದ ವಿದ್ಯುದಾಗಾರ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ, 1960ರ ದಶಕದಲ್ಲಿ ಶರಾವತಿ ಯೋಜನೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಜನ ನಾಡಿಗೆಲ್ಲ ಬೆಳಕು ಕೊಟ್ಟು ತಾವು ಕಾಡು ಸೇರಿದರು. ಅವರ ಭೂಮಿ ಹಕ್ಕುಪತ್ರದ ತಗಾದೆ ಅರವತ್ತು ವರ್ಷವಾದರೂ ತೀರಿಲ್ಲ. ಮಂಡಳಿಯನ್ನು ಬೈಯದ ರೈತನಿಲ್ಲ, ನಾವೂ ಬೈದವರೇ. ಆದರೆ ಒಂದು ಮಾತು ಒಪ್ಪಬೇಕು. ಲಾಭವಿಲ್ಲದ ಕಡೆಗೂ ಕಂಬ ನೆಟ್ಟವರು ಮಂಡಳಿಯವರು. ಭಾಗ್ಯಜ್ಯೋತಿಯಲ್ಲಿ ಬಡವರ ಗುಡಿಸಲಿಗೆ ನಲವತ್ತು ವ್ಯಾಟಿನ ಒಂದು ಬಲ್ಬು ಕೊಟ್ಟರಲ್ಲ, ಅದರಿಂದ ಯಾವ ಕಂಪನಿಗೆ ಲಾಭ ಗಿಟ್ಟೀತು?

ಕಂಪನಿ ಊರಿಗೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಅಮೆರಿಕದ ಉದಾಹರಣೆಯೇ ಸಾಕು. ಕಂಪನಿಗಳ ತವರುಮನೆ ಅಲ್ಲವೆ ಅದು! ಅಲ್ಲಿ 1930ರ ದಶಕದ ನಡುವೆ ಪಟ್ಟಣದ ಹತ್ತು ಮನೆಯಲ್ಲಿ ಒಂಬತ್ತಕ್ಕೆ ಕರೆಂಟಿತ್ತು, ರೈತರ ಹತ್ತು ಮನೆಯಲ್ಲಿ ಒಂದಕ್ಕೆ ಮಾತ್ರ. ಮನೆಗಳು ದೂರ ದೂರ, ಲೈನು ಎಳೆದರೆ ಗಿಟ್ಟೋದಿಲ್ಲ ಅಂತ ಖಾಸಗಿ ಕಂಪನಿಗಳು ಕೈ ಎತ್ತಿದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆ ಬೇರೆ ಇಲಾಖೆ ಮಾಡಿ ಸರ್ಕಾರದಿಂದ ಸಾಲ ಕೊಡಿಸಿದರು. ಸಾಲ ತಗೊಳ್ಳಲು ಮುಂದೆ ಬಂದವರು ಯಾರೆಂದರೆ ರೈತರ ಸಹಕಾರ ಸಂಘಗಳು. ತಲಾ ಐದು ಡಾಲರ್ ಸದಸ್ಯತ್ವ ಶುಲ್ಕ ಕಟ್ಟಿ ಸಂಘ ಮಾಡಿಕೊಂಡು ತಾವೇ ಕಂಬ ನೆಟ್ಟರು. ಆಗ ಕಂಪನಿಗಳವರು ಏನು ಮಾಡಿದರು ಗೊತ್ತೆ? ಸಂಘ ಬರುವ ಸುಳಿವು ಸಿಕ್ಕ ಕಡೆ, ಅನುಕೂಲಸ್ಥರ ಮನೆ ಇರುವ ದಾರಿಗೆ ಮಾತ್ರ ರಾತ್ರೋರಾತ್ರಿ ಲೈನು ಎಳೆದು ಸಂಘದ ಲೆಕ್ಕ ಕೆಡಿಸಲು ನೋಡಿದರು. ಆದರೂ ಸಂಘಗಳು ಉಳಿದವು. ಇಪ್ಪತ್ತು ವರ್ಷದೊಳಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೈತರ ಮನೆಗೆ ಕರೆಂಟು ಬಂತು.

ಅದೇ ಬೀಜ ನಮ್ಮ ದೇಶಕ್ಕೂ ಬಂದು ಬಿತ್ತು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿಸಿ, ಪ್ರಯೋಗಕ್ಕೆಂದು ಐದು ರಾಜ್ಯಗಳಲ್ಲಿ ಒಂದೊಂದು ವಿದ್ಯುತ್ ಸಹಕಾರ ಸಂಘಕ್ಕೆ ಬೆಂಬಲ ಕೊಟ್ಟಿತು. ಅಮೆರಿಕದ ಸಹಕಾರ ಸಂಘಗಳ ಒಕ್ಕೂಟದವರು ಸಲಹೆಗಾರರಾಗಿದ್ದರು. ಆ ಐದರಲ್ಲಿ ನಮ್ಮ ರಾಜ್ಯದ್ದು ಬೆಳಗಾವಿ ಜಿಲ್ಲೆ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಇಂದಿಗೂ ನಡೆಯುತ್ತಿದೆ. ಹೆಸ್ಕಾಂನಿಂದ ಸಗಟಾಗಿ ಕರೆಂಟು ಕೊಂಡು, ಸಂಘದ್ದೇ ಲೈನು, ಸಂಘದ್ದೇ ಲೈನ್‌ಮನ್ನು, ಸಂಘದ್ದೇ ಬಿಲ್ಲು. ದರ ಮಾತ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. ಹಾಲಿನ ಸಂಘದಲ್ಲಿ ಹಾಲು ಕೊಡುವವನೇ ಮಾಲೀಕ ಇರುವ ಹಾಗೆ ಅಲ್ಲಿ ಕರೆಂಟು ಉರಿಸುವವನೇ ಮಾಲೀಕ. ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ. ಇಷ್ಟು ದೊಡ್ಡ ವಿಷಯ ನಮ್ಮ ಶಾಲೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ ಎಂಬುದು ವಿಷಾದ.

ಸಹಕಾರ ಅಂದ ಕೂಡಲೆ ಎಲ್ಲಾ ಬಂಗಾರ ಅಂತ ಹೇಳುವ ಜಾತಿ ನಾವಲ್ಲ. ಅದೇ ಐದರಲ್ಲಿ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘ ಕೊಂಡ ಕರೆಂಟಿನ ಬಾಕಿ ಬೆಟ್ಟದಷ್ಟು ಬೆಳೆಸಿಕೊಂಡು 2011ರಲ್ಲಿ ಕೆಲಸವನ್ನೇ ಸರ್ಕಾರಿ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಹುಕ್ಕೇರಿಯಲ್ಲೂ ಆಡಳಿತ ಮಂಡಳಿ ಚುನಾವಣೆ ಅಂದರೆ ವಿಧಾನಸಭೆ ಚುನಾವಣೆಗೆ ಕಮ್ಮಿ ಇಲ್ಲ. 2025ರಲ್ಲಿ ನಡೆದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಆದರೂ ಅಲ್ಲಿ ಜಗಳ ಆಡಲಿಕ್ಕಾದರೂ ಸದಸ್ಯನಿಗೆ ಒಂದು ಓಟಿದೆ.

1991ರ ಹೊಸ ನೀತಿಯಿಂದ ವಿದ್ಯುತ್ ತಯಾರಿಕೆಗೆ ಖಾಸಗಿಯವರಿಗೆ, ವಿದೇಶದವರಿಗೆ ಬಾಗಿಲು ತೆರೆಯಿತು. ನೆರೆಯ ಮಹಾರಾಷ್ಟ್ರದ ದಾಭೋಲದಲ್ಲಿ ಅಮೆರಿಕದ ಎನ್ರಾನ್ ಕಂಪನಿ ಬಂದ ಕಥೆ ಆಗ ಎಲ್ಲರ ಬಾಯಲ್ಲಿತ್ತು. 1993ರ ಒಪ್ಪಂದದ ತಿರುಳು ಇಷ್ಟು: ಕರೆಂಟು ಬೇಕಾಗಲಿ ಬೇಡವಾಗಲಿ ಮಂಡಳಿ ನಿಗದಿ ಹಣ ಕೊಡುತ್ತಲೇ ಇರಬೇಕು. ಮಂಡಳಿ ಕೊಡದಿದ್ದರೆ ರಾಜ್ಯ ಸರ್ಕಾರ, ಅದೂ ಕೊಡದಿದ್ದರೆ ಕೇಂದ್ರ ಸರ್ಕಾರ ಕೊಡಬೇಕು. ಇದಕ್ಕೆ ಪ್ರತಿ ಖಾತರಿ ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಾಮೀನಿನ ಮೇಲೆ ಜಾಮೀನು. ನಮ್ಮಲ್ಲಿ ಎರಡು ಎಮ್ಮೆ ಸಾಲಕ್ಕೆ ಇಬ್ಬರು ಜಾಮೀನುದಾರರನ್ನು ಹುಡುಕಿ ಚಪ್ಪಲಿ ಸವೆಸುತ್ತೇವೆ. ಅಲ್ಲಿ ಒಂದು ಪರದೇಶದ ಕಂಪನಿಗೆ ಇಡೀ ದೇಶವೇ ಜಾಮೀನು ನಿಂತಿತು. 1999ರಲ್ಲಿ ಮೊದಲ ಹಂತ ಶುರುವಾಯಿತು, ದರ ತಾಳಲಾರದೆ 2001ರ ಮೇ ತಿಂಗಳಲ್ಲಿ ಮಂಡಳಿ ಕೊಳ್ಳುವುದನ್ನೇ ನಿಲ್ಲಿಸಿತು, ಅದೇ ಡಿಸೆಂಬರಿನಲ್ಲಿ ಎನ್ರಾನ್ ಅಮೆರಿಕದಲ್ಲಿ ದಿವಾಳಿ ಎದ್ದಿತು. ಪಾಳು ಬಿದ್ದ ಯಂತ್ರವನ್ನು ಕಡೆಗೆ 2005ರಲ್ಲಿ ವಹಿಸಿಕೊಂಡವರು ಎನ್‌ಟಿಪಿಸಿ, ಗೇಲ್ ಮುಂತಾದ ಸರ್ಕಾರಿ ಸಂಸ್ಥೆಗಳೇ. ನಮ್ಮ ಕರಾವಳಿಯಲ್ಲೂ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ 1000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಮಾಡುವುದಾಗಿ ವರ್ಷಗಟ್ಟಲೆ ಓಡಾಡಿ, ಪ್ರತಿ ಖಾತರಿ ಕೈಗೆ ಸಿಗುವುದು ತಡವಾಗುತ್ತಾ ಬಂದು, ಕೋರ್ಟು ಕಚೇರಿಯನ್ನೂ ಕಂಡು 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು.

ಈ ಮಾತು ಬಂದಾಗಲೆಲ್ಲ ಪಟ್ಟಣದವರು ಒಂದು ಪ್ರಶ್ನೆ ಎಸೆಯುತ್ತಾರೆ: ಸಾರ್ವಜನಿಕ ಹಣ ತಿನ್ನುವುದು ರೈತರ ಪಂಪ್‌ಸೆಟ್ಟೇ ಅಲ್ಲವೆ? 2008ರಿಂದ ಹತ್ತು ಹೆಚ್.ಪಿ.ವರೆಗೆ ಉಚಿತ. ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಸಹಾಯಧನ ವಿದ್ಯುತ್ ಕಂಪನಿಗಳಿಗೆ ತುಂಬುತ್ತಿದೆ. ಇದು ಸುಳ್ಳಲ್ಲ. ಬಾವಿಯ ನೀರು ಪಾತಾಳಕ್ಕೆ ಇಳಿಯುವುದರಲ್ಲಿ ಈ ಉಚಿತದ ಪಾಲು ಇದೆ ಅನ್ನುವುದೂ ಸುಳ್ಳಲ್ಲ. ಆದರೆ ಪಂಪ್‌ಸೆಟ್ಟಿಗೆ ಬಹುತೇಕ ಮೀಟರೇ ಇಲ್ಲದಿರುವಾಗ ಸುಟ್ಟ ಯೂನಿಟ್ಟೆಷ್ಟು, ದಾರಿಯಲ್ಲಿ ಸೋರಿದ್ದೆಷ್ಟು ಎಂಬುದನ್ನು ಅಂದಾಜಿನ ಮೇಲೆ ಬರೆದು ಎಲ್ಲವನ್ನೂ ರೈತನ ತಲೆಗೆ ಕಟ್ಟಲು ದಾರಿ ಆಗುತ್ತದೆ. ಅರ್ಧರಾತ್ರಿ ತ್ರೀ ಫೇಸ್ ಕೊಟ್ಟು, ಹಾವು ಹುಳದ ನಡುವೆ ಬ್ಯಾಟರಿ ಹಿಡಿದು ನಡೆಯುವವನ ಸಹಾಯಧನ ಎಲ್ಲರ ಕಣ್ಣಿಗೆ ಕಾಣುತ್ತದೆ, ಕಂಪನಿಗೆ ಕೊಟ್ಟ ಜಾಮೀನು ಕಾಣುವುದಿಲ್ಲ. ಮೀಟರು ಹಾಕಲಿ, ಹಗಲು ಏಳು ಗಂಟೆ ನಿಯತ್ತಾಗಿ ಕರೆಂಟು ಕೊಡಲಿ, ಲೆಕ್ಕ ಗ್ರಾಮ ಪಂಚಾಯ್ತಿ ಬೋರ್ಡಿನ ಮೇಲೆ ಬರೆಯಲಿ ಎಂಬುದು ನಮ್ಮ ಅಭಿಪ್ರಾಯ. ಎಲ್ಲ ನಿರ್ದೇಶಕರೂ ಇದಕ್ಕೆ ಒಪ್ಪುವುದಿಲ್ಲ ಎಂಬುದೂ ಗೊತ್ತು.

ಇನ್ನು ಸೋಲಾರ್. ಪಾವಗಡದ ಸೋಲಾರ್ ಪಾರ್ಕನ್ನು ನಾವು ನಾಲ್ವರು ನಿರ್ದೇಶಕರು ಒಂದು ದಿನ ಹೋಗಿ ನೋಡಿ ಬಂದೆವು. ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆ, 2050 ಮೆಗಾವಾಟು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಸರ್ಕಾರದವರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಪಹಣಿ ರೈತನ ಹೆಸರಲ್ಲೇ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಇದು ದೊಡ್ಡದೇ. ಹತ್ತು ಹದಿನೈದು ಎಕರೆ ಇದ್ದವರ ಮನೆ ಮುಂದೆ ಹೊಸ ಕಾರು ನಿಂತಿದೆ. ಆದರೆ ತುಂಡು ಭೂಮಿಯೂ ಇಲ್ಲದೆ ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ ಗುತ್ತಿಗೆ ಎಲ್ಲಿಂದ ಬರಬೇಕು? ಪ್ಯಾನೆಲ್ ಒರೆಸುವುದು, ಹುಲ್ಲು ಕೊಯ್ಯುವುದು, ವಾಚ್‌ಮನ್ ಕೆಲಸ ಕೆಲವರಿಗೆ ಸಿಕ್ಕಿದೆ. ಕುರಿ ಮಂದೆಯವರು ಬೇಲಿ ಸುತ್ತಿಕೊಂಡು ಮೈಲಿಗಟ್ಟಲೆ ಹೋಗುತ್ತಾರೆ. ಅಲ್ಲಿ ಸ್ಥಾವರ ಹಾಕಿದ ಕಂಪನಿಗಳು ಟಾಟಾ, ರಿನ್ಯೂ, ಫಿನ್ಲೆಂಡ್ ದೇಶದ ಫೋರ್ಟಮ್ ಇತ್ಯಾದಿ. ಇಂಥ ಪಾರ್ಕುಗಳಿಗೆ ಮೆಗಾವಾಟಿಗೆ 20 ಲಕ್ಷದವರೆಗೆ ಅನುದಾನ ಕೇಂದ್ರದ್ದು, ದೊಡ್ಡ ಸಬ್‌ಸ್ಟೇಷನ್ ಸರ್ಕಾರಿ ಪವರ್ ಗ್ರಿಡ್‌ನದು. ಶಿವನಸಮುದ್ರದ ಕಾಲದ ಹಾಗೆ ಕಂಬ ಸಾರ್ವಜನಿಕರದ್ದೇ.

ನಮ್ಮೂರಿನ ಮೂಡಣ ಬಯಲಿಗೂ ಈಗ ಒಂದು ಕಂಪನಿಯ ಕಡೆಯವರು ಬಂದು ಹೋಗುತ್ತಿದ್ದಾರೆ. ಪಾವಗಡದಲ್ಲಿ ನಡುವೆ ನಿಂತದ್ದು ಸರ್ಕಾರದ ಸಂಸ್ಥೆ. ಇಲ್ಲಿ ಬಂದಿರುವುದು ಒಬ್ಬ ಮಧ್ಯವರ್ತಿ. ಒಬ್ಬೊಬ್ಬ ರೈತನನ್ನೂ ಬೇರೆ ಬೇರೆ ಕರೆದು, ಒಬ್ಬನಿಗೆ ಹೇಳಿದ ದರ ಇನ್ನೊಬ್ಬನಿಗೆ ಹೇಳದೆ, ಇಂಗ್ಲಿಷಿನ ಕರಾರು ಪತ್ರ ತೋರಿಸುತ್ತಿದ್ದಾರೆ. ಕಂಪನಿ ಕೈ ಬದಲಾದರೆ ಗುತ್ತಿಗೆ ಕೊಡುವವರು ಯಾರು, ಅವಧಿ ಮುಗಿದ ಮೇಲೆ ಕಾಂಕ್ರೀಟು ಕೀಳುವವರು ಯಾರು, ಗೋಮಾಳಕ್ಕೆ ದಾರಿ ಬಿಡುತ್ತಾರೋ ಇಲ್ಲವೋ ಎಂದು ಕೇಳಿದರೆ ಮುಂದಿನ ವಾರ ಹೇಳುತ್ತೇವೆ ಅನ್ನುತ್ತಾರೆ. ಮೂರು ತಿಂಗಳಾಯಿತು. ಹಾಲಿಗೆ ಒಂಟಿಯಾಗಿ ಹೋಗಿ ದರ ಕೇಳಿದರೆ ಏನಾಗುತ್ತಿತ್ತು ಎಂಬುದು ಸಂಘ ಹುಟ್ಟುವ ಮೊದಲು ಡೇರಿ ವ್ಯಾಪಾರಿಗಳಿಗೆ ಹಾಲು ಹಾಕಿದ ಹಿರಿಯರಿಗೆ ಗೊತ್ತು. ಕನ್ನಡದ ಕರಾರು ಪತ್ರ ಬರುವ ತನಕ ಯಾರೂ ಸಹಿ ಹಾಕಬಾರದೆಂದು, ಹಾಕುವುದಾದರೆ ಬಯಲಿನವರೆಲ್ಲ ಒಟ್ಟಿಗೆ ಕೂತು ಒಂದೇ ದರಕ್ಕೆ ಹಾಕಬೇಕೆಂದು ಈ ಮೂಲಕ ವಿನಂತಿ.

ಬೇರೆ ದಾರಿ ಇಲ್ಲವೆ? ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ, ಅಮುಲ್ ಹುಟ್ಟಿದ ಆಣಂದಕ್ಕೆ ಹತ್ತಿರದಲ್ಲೇ, 2016ರಲ್ಲಿ ಆರು ಜನ ರೈತರು ಸೋಲಾರ್ ಪಂಪಿನ ಸಹಕಾರ ಸಂಘ ಮಾಡಿಕೊಂಡರು. ನೀರೆತ್ತಿ ಉಳಿದ ಕರೆಂಟನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಅಲ್ಲಿನ ವಿದ್ಯುತ್ ಕಂಪನಿಗೆ ಮಾರಲು ಕರಾರಾಯಿತು. ಹಾಲು ಮಾರಿದ ಹಾಗೆಯೇ. 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆಯಲ್ಲೂ ಸಹಕಾರ ಸಂಘಗಳೇ 500 ಕಿಲೋವಾಟಿನಿಂದ 2 ಮೆಗಾವಾಟಿನ ತನಕ ಸ್ಥಾವರ ಹಾಕಲು ಅವಕಾಶ ಇಟ್ಟರು. ಅದಕ್ಕೆ ಕೋಟಿ ಲೆಕ್ಕದ ಬಂಡವಾಳ ಬೇಕು, ನಮ್ಮ ಸಂಘದ ಶಕ್ತಿಗೆ ಮೀರಿದ್ದು. ಜೊತೆಗೆ ತಂತ್ರಜ್ಞಾನದ ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಹಾಲು ಪರೀಕ್ಷೆ ಯಂತ್ರವನ್ನೇ ತೆಗೆದುಕೊಳ್ಳಿ, ಒಂದು ಸಣ್ಣ ಬೋರ್ಡು ಕೆಟ್ಟರೆ ಮಾರಿದ ಕಂಪನಿಯವನೇ ಬರಬೇಕು, ಅವನು ಬರುವ ತನಕ ಕಾರ್ಯದರ್ಶಿಯವರಿಗೆ ಬೈಗುಳ.

ಸಂಘದ ಹೊಸ ಕಟ್ಟಡದ ಚಾವಣಿ ಖಾಲಿ ಇದೆ. ಅದರ ಮೇಲೆ ಪ್ಯಾನೆಲ್ ಹಾಕಿದರೆ ಹಗಲಿನಲ್ಲಿ ಹಾಲಿನ ಟ್ಯಾಂಕಿನ ಖರ್ಚು ಎಷ್ಟು ಉಳಿಯುತ್ತದೆ, ಉಳಿದ ಯೂನಿಟ್ಟಿಗೆ ಎಷ್ಟು ದರ ಸಿಗುತ್ತದೆ, ರಿಪೇರಿ ಯಾರದ್ದು ಎಂದು ಮೂರು ಕಡೆಯಿಂದ ಕನ್ನಡದಲ್ಲೇ ದರಪಟ್ಟಿ ತರಿಸಲಾಗಿದೆ. ಮೂರೂ ಪ್ರತಿಗಳು ಕಾರ್ಯದರ್ಶಿಯವರ ಮೇಜಿನ ಮೇಲಿವೆ, ಹಾಲು ಹಾಕಲು ಬಂದಾಗ ಯಾರು ಬೇಕಾದರೂ ಓದಬಹುದು. ಈ ಸಲದ ಸರ್ವಸದಸ್ಯರ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದು ಆರನೆಯ ವಿಷಯ.