ಕಾಯಿಲೆಗೆ ಸಾಕ್ಷಿ ಯಾರು?

ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಟ್ರಂಕು ಹಿಡಿದು ಇಳಿಯುವ ಮಾಜಿ ಸೈನಿಕನ ಕಾಯಿಲೆ ಸೇನೆ ಕೊಟ್ಟದ್ದೋ, ಸ್ವಂತದ್ದೋ? ಗುಂಡೇಟಾದರೆ ಗಾಯವೇ ಹೇಳುತ್ತದೆ. ಮೂರ್ಛೆರೋಗಕ್ಕೆ ಕಡತವೇ ಬಾಯಿ.

1961ರ ಭೂಸೇನಾ ಪಿಂಚಣಿ ನಿಯಮದಂತೆ ವೈಕಲ್ಯ ಪಿಂಚಣಿ ಸಿಗಲು ವೈಕಲ್ಯ ಸೇವೆಯಿಂದ ಬಂದಿರಬೇಕಿತ್ತು ಇಲ್ಲವೇ ಉಲ್ಬಣಿಸಿರಬೇಕಿತ್ತು, ಶೇ. 20ಕ್ಕಿಂತ ಕಡಿಮೆ ಇರಬಾರದಿತ್ತು. 1982ರ ನಿಯಮಗಳು ಸಂಶಯದ ಲಾಭವನ್ನು ಸೈನಿಕನಿಗೇ ಕೊಟ್ಟಿದ್ದವು. ಕಾಗದದ ಮೇಲೆ ಮಾತ್ರ!

1985ರಲ್ಲಿ ಸಿಗ್ನಲ್ಸ್ ದಳ ಸೇರಿದ ಧರ್ಮವೀರ್ ಸಿಂಗ್ ಅವರನ್ನು 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಮನೆಗೆ ಕಳುಹಿಸಲಾಯಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಕೀಯ ಮಂಡಳಿ ಷರಾ ಬರೆಯಿತು, ಕಾರಣ ಬರೆಯಲಿಲ್ಲ. ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಅದನ್ನು ತಳ್ಳಿಹಾಕಿತು: ಭರ್ತಿಯ ವೇಳೆ ದಾಖಲಾಗದ ರೋಗ ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸೇನೆಯದು. ನ್ಯಾಯವೇನೋ ಸರಿ, ತೀರಾ ತಡ.

2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ. ನಿಯಮ ಯಾವುದೇ ಇರಲಿ, ನಿವೃತ್ತರೇ, ಬಿಡುಗಡೆಯ ವೈದ್ಯಕೀಯ ಕಡತದ ಪ್ರತಿ ಜೋಪಾನ.