ಪ್ರೆಸ್ಬಿಟರಿ ಯಾರಿಗಾಗಿ?

ಬಿಷಪ್ಪರ ಆಳ್ವಿಕೆಯನ್ನು ಒಪ್ಪದ ಸ್ಕಾಟ್ಲೆಂಡಿನ ಚರ್ಚ್ ಸುಧಾರಕರು 1581ರಲ್ಲಿ 13 ಮಾದರಿ ಪ್ರೆಸ್ಬಿಟರಿಗಳನ್ನು ಯೋಜಿಸಿದರು. ಒಂದು ಸೀಮೆಯ ಪಾದ್ರಿಗಳೂ ಹಿರಿಯರೂ ಕೂಡಿ ಕೂತು ತೀರ್ಮಾನಿಸುವ ಸಭೆಯೇ ಪ್ರೆಸ್ಬಿಟರಿ. ಕಾಲಕ್ರಮದಲ್ಲಿ ಇವು 40 ದಾಟಿದವು.

ಜನ ಮಾತ್ರ ಕರಗಿದರು. 1950ರ ದಶಕದಲ್ಲಿ ಸುಮಾರು 13 ಲಕ್ಷವಿದ್ದ ಸದಸ್ಯರು 2020ರ ಹೊತ್ತಿಗೆ 3 ಲಕ್ಷದ ಆಸುಪಾಸಿಗಿಳಿದರು. ಪ್ರೆಸ್ಬಿಟರಿಗಳನ್ನು ಸುಮಾರು 12ಕ್ಕೆ ಇಳಿಸಲು 2019ರ ಮಹಾಸಭೆ ನಿರ್ಧರಿಸಿತು. ಸಮಿತಿಗಳ ಹೊರೆ ತಗ್ಗಿದರೆ ಊರಿನ ಸಭೆಗಳ ಸೇವಾಕಾರ್ಯಕ್ಕೆ ಬಲ ಬರುತ್ತದೆಂಬುದು ಆಶಯ. 2021ರ ಕಾಯ್ದೆ ಪ್ರತಿ ಪ್ರೆಸ್ಬಿಟರಿಗೂ ಮಿಷನ್ ಯೋಜನೆಯನ್ನು ಕಡ್ಡಾಯ ಮಾಡಿತು. ಯಾವ ಚರ್ಚು ಉಳಿಯಬೇಕು, ಯಾವುದು ಮಾರಾಟವಾಗಬೇಕು ಎಂಬುದೂ ಅದರಲ್ಲೇ ಬರೆಯಬೇಕು.

ಲೆಕ್ಕ ಸರಿಯಿರಬಹುದು. ಆದರೆ ಅಜ್ಜಿಯ ಮದುವೆ ನಡೆದ ಚರ್ಚಿಗೆ ಬೀಗ ಬಿದ್ದರೆ ಆ ಊರಿಗೆ ಏನನ್ನೋಣ? ಹಿರಿದಾದ ಪ್ರೆಸ್ಬಿಟರಿಗೆ ಆ ಕಿರಿಯ ಊರಿನ ಮಾತು ಕೇಳಿಸಿದರಷ್ಟೇ ಇದನ್ನು ನಾವು ಸುಧಾರಣೆಯೆನ್ನಬಹುದು.